ಬೆಳ್ಳೂರಿನವರು ತಂದುಕೊಟ್ಟ ಹಾಡು



ಈ ದತ್ತಿಯನ್ನು ಸ್ಥಾಪಿಸಿದ ಪೂಜ್ಯರು ವಿಷಯದ ಆಯ್ಕೆಯನ್ನು ಉಪನ್ಯಾಸಕನ ಇಚ್ಛೆಗೇ ಬಿಟ್ಟಿರುವುದು ಅವರ ಔದಾರ್ಯ. ಆ ಔದಾರ್ಯದ ಬಲದಿಂದ, ಮೇಲುನೋಟಕ್ಕೆ ಪರಸ್ಪರ ಸಂಬಂಧವಿಲ್ಲದಂತೆ ತೋರುವ ಮೂರು ವಿಷಯಗಳನ್ನು ಇಂದು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ: ಲೋಕವಿಖ್ಯಾತರು ಕಾಲವಾದಾಗ ಜನಸಮೂಹ ಪಡುವ ದುಃಖ, ನಾನು ಹುಟ್ಟಿ ಬೆಳೆದ ಕ್ರೈಸ್ತಸಭೆ, ನನಗೆ ಪ್ರಾಣಪ್ರಿಯವಾದ ಕೆಲವು ಹಾಡುಗಳು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಳುವೆ ಕಳೆದವನಿಗೆ ಈ ಮೂರೂ ಒಂದೇ ಚಿಂತೆಯ ಮೂರು ಮುಖಗಳೆಂಬುದು ಬಹುಕಾಲದಿಂದ ಮನಸ್ಸಿನಲ್ಲಿ ನೆಲೆನಿಂತಿದೆ. ಅದನ್ನು ಯಥಾಶಕ್ತಿ ನಿರೂಪಿಸುವೆನು.

ನಾವು ನೆರೆದಿರುವ ಶ್ರೀರಂಗಪಟ್ಟಣದ ಈ ದ್ವೀಪವೇ ದೊಡ್ಡವರ ಮರಣವನ್ನು ಕಂಡು ಕಂಡು ಹಣ್ಣಾದ ನೆಲ. 1799ರ ಮೇ 4ರ ರಾತ್ರಿ ಕೋಟೆಯ ಬಾಗಿಲ ಬಳಿ ಹೆಣಗಳ ರಾಶಿಯ ನಡುವೆ ಪಂಜಿನ ಬೆಳಕಿನಲ್ಲಿ ಟಿಪ್ಪು ಸುಲ್ತಾನನ ದೇಹವನ್ನು ಗುರುತಿಸಿದರು. ಮರುದಿನ ಸಂಜೆ ಅದನ್ನು ಗಂಜಾಂ ಕಡೆಯ ಲಾಲ್‌ಬಾಗಿನಲ್ಲಿ, ಅವನೇ ತಂದೆಗಾಗಿ ಕಟ್ಟಿಸಿದ್ದ ಗುಂಬಜಿನಲ್ಲಿ, ತಂದೆಯ ಮಗ್ಗುಲಲ್ಲಿಯೇ ಮಣ್ಣುಮಾಡಿದರು. ಗೆದ್ದ ಸೈನ್ಯದ ಗ್ರೆನೇಡಿಯರ್ ತುಕಡಿಗಳು ಶವವಾಹನದ ಜೊತೆಯಲ್ಲಿ ನಡೆದವೆಂದೂ, ಬೀದಿಯ ಇಕ್ಕೆಲದಲ್ಲಿ ನಿಂತ ಜನ ನೆಲಕ್ಕೆ ಬಿದ್ದು ಗೋಳಾಡಿದರೆಂದೂ, ಅಂದು ರಾತ್ರಿ ಭಯಂಕರವಾದ ಗುಡುಗು ಸಿಡಿಲಿನ ಮಳೆ ಬಂದಿತೆಂದೂ ಅಂದಿನ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಮುತ್ತಿಗೆಯಲ್ಲಿ ಮನೆಮಠ ಕಳೆದುಕೊಂಡ ಅದೇ ಪಟ್ಟಣದ ಜನ ಹಾಗೆ ಅತ್ತದ್ದು ಆಜ್ಞೆಗೆ ಒಳಗಾಗಿಯಲ್ಲ, ಆಜ್ಞಾಪಿಸುವವನೇ ಮಡಿದಿದ್ದನು. ಒಂದೂವರೆ ಶತಮಾನದ ತರುವಾಯ, 1948ರ ಫೆಬ್ರುವರಿ 12ರಂದು, ಇದೇ ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಮಹಾತ್ಮರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದರು. 2016ರ ಡಿಸೆಂಬರಿನಲ್ಲಿ, ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾಗಿ ಕಣ್ಮುಚ್ಚಿದ ಜಯಲಲಿತಾ ಅವರನ್ನು ಚೆನ್ನೈನ ಕಡಲತೀರದಲ್ಲಿ ಹೂಳಿದ ಮೇಲೆ, ದಹನಸಂಸ್ಕಾರವಾಗಲಿಲ್ಲವೆಂದು ನೊಂದ ಬಂಧುಗಳು ಅದೇ ಪಶ್ಚಿಮವಾಹಿನಿಗೆ ಬಂದು, ಪ್ರತಿಕೃತಿಯೊಂದನ್ನು ಮಾಡಿ ದಹಿಸಿ, ವಿಧಿಯನ್ನು ಪೂರೈಸಿದರು. ಕೆಲವರು ಅದನ್ನು ಕಂಡು ನಕ್ಕರು. ನನಗೆ ನಗು ಬರಲಿಲ್ಲ. ಸತ್ತವರಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ಕೊರಗು ಮನುಷ್ಯನ ಅತಿ ಪ್ರಾಚೀನವಾದ ಕೊರಗುಗಳಲ್ಲಿ ಒಂದು.

ಇನ್ನು ನಮ್ಮ ಕಾಲದ ಮಾತು. ಡಾ. ರಾಜಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12, ಬುಧವಾರ. ಆ ವರ್ಷ ಪಾಸ್ಖ (ಈಸ್ಟರ್) ಹಬ್ಬ ಏಪ್ರಿಲ್ 16ಕ್ಕೆ ಬಂದಿತ್ತು. ಎಂದರೆ ನಮ್ಮ ಕ್ರೈಸ್ತರ ಪಂಚಾಂಗದಲ್ಲಿ ಅದು ಪವಿತ್ರ ವಾರದ ನಟ್ಟನಡುವೆ. ಮರುದಿನ ಬೆಂಗಳೂರಿನ ಕಂಠೀರವ ಸ್ಟುಡಿಯೋ ಆವರಣದಲ್ಲಿ ಅವರ ಅಂತ್ಯಸಂಸ್ಕಾರ ನಡೆಯುತ್ತಿದ್ದಾಗ ಹೊರಗೆ ಕಲ್ಲು ತೂರಾಟ, ಬೆಂಕಿ, ಲಾಠಿ, ಗೋಲೀಬಾರು ನಡೆದು, ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅದೇ ಗುರುವಾರದ ಸಂಜೆ ನಮ್ಮ ಚರ್ಚಿನಲ್ಲಿ ಪ್ರಭುವಿನ ಕಡೆಯ ಭೋಜನದ ಪೂಜೆ. ಗುರುಗಳು ಸೊಂಟಕ್ಕೆ ಟವೆಲು ಸುತ್ತಿಕೊಂಡು ಮೊಣಕಾಲೂರಿ, ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡಿ ಬಿರುಕುಬಿಟ್ಟ ಪಾದಗಳನ್ನು ಒಂದೊಂದಾಗಿ ತೊಳೆದು ಒರೆಸುತ್ತಿದ್ದರು. ಅಂದಿನ ಮಹಿಮಾಗೀತೆ ಮುಗಿದೊಡನೆ ಗಂಟೆಗಳು ಮೂಕವಾಗುತ್ತವೆ. ಶನಿವಾರ ರಾತ್ರಿಯ ಜಾಗರಣೆಯ ಪೂಜೆಯವರೆಗೆ ಗಂಟೆಯ ನಾದವಿಲ್ಲ, ಅದರ ಬದಲಿಗೆ ಮರದ ಹಲಗೆಯನ್ನು ತಟ್ಟುವ ಒಣಸದ್ದು ಮಾತ್ರ. ಹಾರ್ಮೋನಿಯಂ ನುಡಿಸುವ ಕೆಲಸ ಆಗ ನನ್ನದು. ಅದರ ತಿದಿಯನ್ನು ಮುಚ್ಚಿ ಕೊಕ್ಕೆ ಹಾಕಿ, ಮೇಲೆ ನೇರಳೆ ಬಣ್ಣದ ಬಟ್ಟೆ ಹೊದಿಸಿಟ್ಟೆನು. ಗಾಯನವೃಂದದಲ್ಲಿದ್ದ ಯುವಕರೆಲ್ಲ ರಾಜಕುಮಾರರ ಅಭಿಮಾನಿಗಳೇ. ಅವರ ಕಣ್ಣುಗಳು ಕೆಂಪಾಗಿದ್ದವು, ಆದರೆ ಕೈಗಳಲ್ಲಿ ಕಲ್ಲಿರಲಿಲ್ಲ. ಅವರು ಬೇರೆಯವರಿಗಿಂತ ಸಾಧುಗಳೆಂದು ನಾನು ಹೇಳುತ್ತಿಲ್ಲ. ಆ ಮೂರು ದಿನಗಳಲ್ಲಿ ದುಃಖಿಸುವವನು ಎಲ್ಲಿ ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು, ಯಾವಾಗ ಹಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಅವರ ಹುಟ್ಟಿಗೆ ಎಷ್ಟೋ ಮುಂಚೆಯೇ ಗೊತ್ತುಮಾಡಲ್ಪಟ್ಟಿತ್ತು. ಅವರ ದುಃಖಕ್ಕೊಂದು ಪಾತ್ರೆ ಸಿದ್ಧವಾಗಿತ್ತು. ಬೆಂಗಳೂರಿನ ಬೀದಿಯ ತರುಣನಿಗೆ ಅದು ದೊರೆಯಲಿಲ್ಲ. ಅವನ ಪ್ರೀತಿ ಅಪ್ಪಟವಾದುದು. ಅದನ್ನು ಯಾವುದರೊಳಗೆ ಹೊಯ್ಯಬೇಕೆಂದು ಹೇಳಿಕೊಡುವವರು ಮಾತ್ರ ಇರಲಿಲ್ಲ.

ಹದಿನೈದು ವರ್ಷಗಳ ಮೇಲೆ, 2021ರ ಅಕ್ಟೋಬರ್ 29ರಂದು, ಪುನೀತ್ ರಾಜಕುಮಾರ್ ಅಕಾಲದಲ್ಲಿ ಅಗಲಿದಾಗ ನಾಡು ಬೇರೊಂದು ಪಾಠ ಕಲಿತಿತ್ತೆಂದೇ ನನಗೆ ತೋರಿತು. ಜನಸಾಗರ ಮೊದಲಿಗಿಂತ ದೊಡ್ಡದಾಗಿದ್ದರೂ ಹಗಲಿರುಳು ಸಾಲಿನಲ್ಲಿ ನಿಂತು ದರ್ಶನ ಪಡೆದು ಹಿಂದಿರುಗಿತು. ತಂದೆಯಂತೆಯೇ ಅವರ ಕಣ್ಣುಗಳೂ ದಾನವಾಗಿ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿ, ನೇತ್ರದಾನದ ಪತ್ರಕ್ಕೆ ಸಹಿ ಹಾಕಲು ಜನ ತಾವಾಗಿ ಮುಂದೆ ಬಂದರು. ದುಃಖವು ತನಗೊಂದು ವಿಧಿಯನ್ನು ತಾನೇ ಕಂಡುಕೊಂಡ ಪರಿ ಇದು. ಮಣ್ಣಾದದ್ದು ಭಾನುವಾರ ಬೆಳಿಗ್ಗೆ. ಮರುದಿನ ರಾಜ್ಯೋತ್ಸವ, ನಮಗೆ ಸಕಲ ಸಂತರ ಹಬ್ಬ. ಅದರ ಮರುದಿನ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅದಕ್ಕೂ ಮುಂಚೆ, ಪ್ರತಿಯೊಂದು ಮನೆಯವರೂ ತಮ್ಮ ಗತಿಸಿದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ರೂಢಿಯುಂಟು. ಪೂಜೆಯಲ್ಲಿ ಆ ಹೆಸರುಗಳನ್ನೆಲ್ಲ ಓದುತ್ತಾರೆ. ಆ ವರ್ಷ ಚೀಟಿಗಳಲ್ಲಿ, ಜನ ಪುನೀತರನ್ನು ಪ್ರೀತಿಯಿಂದ ಕರೆಯುತ್ತಿದ್ದ ‘ಅಪ್ಪು’ ಎಂಬ ಹೆಸರೂ ಇತ್ತು. ಗುರುಗಳು ಒಂದು ಕ್ಷಣವೂ ತಡೆಯದೆ, ಮುಂದಿನ ಹಿಂದಿನ ಕೂಲಿಕಾರರ ಹೆಸರುಗಳ ನಡುವೆ, ಅದೇ ದನಿಯಲ್ಲಿ, ಅದೇ ವೇಗದಲ್ಲಿ ಅದನ್ನೂ ಓದಿದರು.

ಸಂಘಟಿತ ಧರ್ಮದ ವಿಷಯದಲ್ಲಿ ನಾನು ಹೇಳಬೇಕೆಂದಿರುವುದರ ಸಾರವೆಲ್ಲ ಆ ಓದಿನಲ್ಲಿದೆ. ಈ ಸೀಮೆಗೆ ಕ್ರೈಸ್ತಧರ್ಮ ಬಂದದ್ದು ಇಂಗ್ಲಿಷರ ಬೆನ್ನಿಗಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿಯೇ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣದಲ್ಲಿ ನೆಲಸಿ ಕನ್ನಡ ಕಲಿತು ಕನ್ನಡದಲ್ಲಿ ಧರ್ಮಬೋಧೆಯ ಗ್ರಂಥ ಬರೆದನು. ಪಟ್ಟಣ ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಮುಟ್ಟಿಸಿ, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡು, 1823ರಲ್ಲಿ ಹಿಂದಿರುಗಿದನು. ಗಂಜಾಮಿನ ಚರ್ಚು ಇಂದಿಗೂ ಅವನ ಹೆಸರಿನಲ್ಲಿ ನಿಂತಿದೆ. ಇಂಥವರ ಸಭೆಯೂ ಕಳಂಕರಹಿತವಾಗಿರಲಿಲ್ಲ. ದಕ್ಷಿಣದೇಶದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಸ್ಮಶಾನದಲ್ಲಿ ಜಾತಿಗೊಂದು ಗೋಡೆ ಇದ್ದವು, ಕೆಲವೆಡೆ ಇನ್ನೂ ಇವೆ; ಕ್ರಿಸ್ತನ ಹೆಸರಿನಲ್ಲಿ ಕಟ್ಟಿದ ಆ ಗೋಡೆಯನ್ನು ಕ್ರಿಸ್ತನ ಮುಂದೆ ಸಮರ್ಥಿಸಬಲ್ಲ ವಾದ ಯಾವುದೂ ಇಲ್ಲ. ಸಂಸ್ಥೆಯಾದ ಧರ್ಮಕ್ಕೆ ಸಂಸ್ಥೆಗಳ ರೋಗಗಳೆಲ್ಲ ತಟ್ಟುತ್ತವೆ: ಅಧಿಕಾರದ ಮೋಹ, ಲೆಕ್ಕಪತ್ರದ ಜಗಳ, ಪ್ರಶ್ನೆ ಕೇಳಿದವನ ಮೇಲಿನ ಕೋಪ. ಇವೆಲ್ಲವನ್ನೂ ಬಲ್ಲ ನಾನು ಆ ಸಭೆಯಲ್ಲಿಯೇ ಉಳಿದಿರುವುದಕ್ಕೆ ಕಾರಣ, ಒಬ್ಬ ಮನುಷ್ಯ ಸತ್ತಾಗ ಅವನು ಯಾರೆಂದು ಕೇಳದೆ ಅದೇ ಹಾಡನ್ನು ಹಾಡುವ ಅದರ ಅಭ್ಯಾಸ. ನನ್ನ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಲತೀನಿನ ಮೃತರ ಪೂಜೆಯ ಗಾನ ಮೊದಲಿನಿಂದ ಕೊನೆಯವರೆಗೆ ಅವರಿಗೆ ಕಂಠಸ್ಥವಾಗಿತ್ತು. ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಂತು, ಒಂದು ಮೆಟ್ಟಲು ಇಳಿದು, ಮತ್ತೆ ಅಲ್ಲಿಗೇ ಬಂದು ಸೇರುವ, ತಾಳದ ಕಟ್ಟಿಲ್ಲದ ಗಾನವದು. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದ 1962–65ರ ತರುವಾಯ ಪೂಜೆ ಕನ್ನಡಕ್ಕೆ ಬಂದಿತು, ಹಾರ್ಮೋನಿಯಂ ತಬಲಗಳು ಬಂದವು, ಮೋಹನ ಕಲ್ಯಾಣಿಗಳು ಬಂದವು. ಆ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೂ ಅಜ್ಜಿಯ ಶವದ ಮುಂದೆ ನಿಂತಾಗ ನನ್ನ ಕಿವಿ ಹುಡುಕಿದ್ದು ಆ ಹಳೆಯ ಇಳಿಕೆಯನ್ನೇ.

ಇನ್ನು, ಒಂದು ಸಭೆಯ ಹಾಡು ಆ ಸಭೆಯ ಗೋಡೆಯನ್ನು ದಾಟಿ ನಾಡಿನ ಹಾಡಾದ ಕಥೆಯನ್ನು ಹೇಳಬೇಕಾದರೆ ನಾನು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಹೋಗಬೇಕು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬೆಳ್ಳೂರಿನವರು, ಹೆಸರಿನ ಮೊದಲ ಅಕ್ಷರವೇ ಆ ಊರು. 1884ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿ, ಕನ್ನಡಕ್ಕಾಗಿ ಊರೂರು ತಿರುಗಿ, 1946ರಲ್ಲಿ ಕಣ್ಮುಚ್ಚಿದ ಆ ಮಹಾಶಯರು ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಿಂದ ಹೊಸಗನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರೆಂಬುದು ನಿಮಗೆಲ್ಲ ವಿದಿತವಾದ ಸಂಗತಿ. ಆ ಸಂಕಲನದಲ್ಲಿಯೇ ಇರುವುದು ‘ಕರುಣಾಳು ಬಾ ಬೆಳಕೆ’.

ಅದರ ಮೂಲವನ್ನು ಬರೆದವನು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಸಿಸಿಲಿ ದ್ವೀಪದಲ್ಲಿ ಒಂಟಿಯಾಗಿ ಜ್ವರ ಹಿಡಿದು ಸಾವಿನ ಬಾಗಿಲಿಗೆ ಹೋಗಿ ಬಂದು, ಊರಿಗೆ ಹಿಂದಿರುಗಲು ಕಿತ್ತಳೆ ಹಣ್ಣಿನ ಹಡಗೊಂದನ್ನು ಹತ್ತಿದ್ದಾಗ, ಗಾಳಿಯಿಲ್ಲದೆ ಹಡಗು ನಡುಗಡಲಿನಲ್ಲಿ ನಿಂತುಹೋಯಿತು. ಆ ನಿಲುಗಡೆಯಲ್ಲಿ ಹುಟ್ಟಿದ ಪ್ರಾರ್ಥನೆಯಿದು. ಆಗ ಅವನು ಇಂಗ್ಲೆಂಡಿನ ಪ್ರಾಟೆಸ್ಟಂಟ್ ಸಭೆಯ ಪಾದ್ರಿ. 1845ರಲ್ಲಿ ಆ ಸಭೆಯನ್ನು ಬಿಟ್ಟು ರೋಮಿನ ಸಭೆಗೆ ಬಂದನು, ಮುಂದೆ ಕಾರ್ಡಿನಲ್ ಆದನು, 2019ರಲ್ಲಿ ಸಂತರ ಸಾಲಿಗೆ ಸೇರಿದನು. ಅವನು ಬಿಟ್ಟ ಸಭೆಯೂ ಆ ಹಾಡನ್ನು ಬಿಡಲಿಲ್ಲ, ಸೇರಿದ ಸಭೆಯೂ ಬಿಡಲಿಲ್ಲ. ಜಾನ್ ಡೈಕ್ಸ್ ಎಂಬ ಪಾದ್ರಿ ಕಟ್ಟಿದ ಧಾಟಿಯಲ್ಲಿ ಅದು ಲೋಕವನ್ನೆಲ್ಲ ಸುತ್ತಿತು. ಗಾಂಧೀಜಿಗೆ ಅದು ಅತ್ಯಂತ ಪ್ರಿಯವಾಗಿತ್ತು. ಗುಜರಾತಿಯಲ್ಲಿ ನರಸಿಂಹರಾವ್ ದಿವೇಟಿಯಾ ಮಾಡಿದ ರೂಪವನ್ನು ಅವರ ಆಶ್ರಮದಲ್ಲಿ ಹಾಡುತ್ತಿದ್ದರು. ಹೀಗೆ ಯಾರ ಬೂದಿಯನ್ನು ನಮ್ಮ ಪಶ್ಚಿಮವಾಹಿನಿ ಮಡಿಲಲ್ಲಿ ತೆಗೆದುಕೊಂಡಿತೋ ಆ ಮಹಾತ್ಮರ ಮೆಚ್ಚಿನ ಹಾಡನ್ನು ಕನ್ನಡಕ್ಕೆ ತಂದವರು ಇಲ್ಲಿಂದ ಹೆಚ್ಚು ದೂರವಿಲ್ಲದ ಬೆಳ್ಳೂರಿನವರು.

ಅದನ್ನು ಹಾಡುವವರಲ್ಲಿ ಎಷ್ಟೋ ಮಂದಿಗೆ ಅದು ಒಬ್ಬ ಕ್ರೈಸ್ತ ಸಂತನ ರಚನೆಯೆಂಬುದೇ ಗೊತ್ತಿಲ್ಲ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಹಾಡುತ್ತಾರೆ, ಗಾಂಧಿ ಜಯಂತಿಯಂದು ಹಾಡುತ್ತಾರೆ, ಊರಿನ ದೊಡ್ಡವರು ತೀರಿಕೊಂಡಾಗ ಸಂತಾಪಸಭೆಯಲ್ಲಿ ಹಾಡುತ್ತಾರೆ, ಅದೂ ಡೈಕ್ಸನ ಧಾಟಿಯಲ್ಲಲ್ಲ, ನಮ್ಮವೇ ಆದ ಧಾಟಿಗಳಲ್ಲಿ. ಇದನ್ನು ಕಂಡು ನನ್ನ ಮತಬಾಂಧವರಲ್ಲಿ ಕೆಲವರು ಹೆಮ್ಮೆಪಡುವುದುಂಟು, ಕೆಲವರು ಹೆಸರು ಅಳಿಯಿತೆಂದು ಪೇಚಾಡುವುದುಂಟು. ನನಗೆ ಎರಡೂ ಸಲ್ಲದೆನಿಸುತ್ತದೆ. ಹಾಡು ಕೊಟ್ಟವರ ಹಕ್ಕು ಕೊಟ್ಟಲ್ಲಿಗೆ ಮುಗಿಯಿತು.

‘ಶ್ರೀ’ ಎಂದೇ ಹೆಸರಾದ ಶ್ರೀಕಂಠಯ್ಯನವರ ಒಟ್ಟು ಕೃತಿಗಳನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿರಿ. ದೊಡ್ಡವರ ಸಾವು ಅವರನ್ನು ಬಿಡದೆ ಕಾಡಿದ ವಸ್ತು. ರನ್ನನನ್ನು ಆಧರಿಸಿದ ‘ಗದಾಯುದ್ಧ ನಾಟಕಂ’ ದುರ್ಯೋಧನನ ಪತನದ ಕಥೆ. ‘ಪಾರಸಿಕರು’ ಸೋತ ಸಾಮ್ರಾಜ್ಯವೊಂದರ ರೋದನ. ‘ಅಶ್ವತ್ಥಾಮನ್’ ನಾಟಕಕ್ಕೆ ಅವರು ಆರಿಸಿಕೊಂಡ ಮಾದರಿ ಸೋಫೊಕ್ಲಿಸನ ‘ಅಯಾಸ್’, ಎಂದರೆ ನಾಯಕನು ನಡುವಿನಲ್ಲಿಯೇ ಸತ್ತು, ಉಳಿದರ್ಧವೆಲ್ಲ ಆ ಹೆಣಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ಕಲಹದಲ್ಲಿ ನಡೆಯುವ ನಾಟಕ. ಕಂಠೀರವ ಸ್ಟುಡಿಯೋದ ಬಾಗಿಲಲ್ಲಿ ನೂಕಾಡಿದ ಜನವನ್ನು ನೋಡಿದಾಗ, ಪಶ್ಚಿಮವಾಹಿನಿಯಲ್ಲಿ ಪ್ರತಿಕೃತಿಯನ್ನು ಸುಟ್ಟವರನ್ನು ನೋಡಿದಾಗ, ನನಗೆ ನೆನಪಾಗುವುದು ಆ ಕಲಹ. ಆದರೆ ಅದೇ ಶ್ರೀಯವರು, ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿಯೇ, ಥಾಮಸ್ ಹುಡ್ ಕವಿಯ ಪದ್ಯವೊಂದನ್ನು ‘ದುಃಖಸೇತು’ ಎಂದು ಕನ್ನಡಿಸಿದ್ದಾರೆ. ಅದರ ನಾಯಕಿ ರಾಜಪತ್ನಿಯಲ್ಲ, ವೀರಮಾತೆಯಲ್ಲ. ಲಂಡನ್ನಿನ ಸೇತುವೆಯಿಂದ ನದಿಗೆ ಹಾರಿ ಸತ್ತ, ಹೆಸರಿಲ್ಲದ ಬಡಹೆಣ್ಣು. ದುರ್ಯೋಧನನಿಗೆ ಮೀಸಲಿಟ್ಟ ಗಾಂಭೀರ್ಯದಿಂದಲೇ ಅವಳ ಒದ್ದೆ ದೇಹವನ್ನು ಮೇಲೆತ್ತಿದ ಆ ಕೈಯ ಸಮದೃಷ್ಟಿಗೆ ನಾನು ತಲೆಬಾಗುತ್ತೇನೆ.

ನೀರಿನ ಮಾತು ಬಂದದ್ದರಿಂದ, ಹೇಳಲೇಬೇಕಾದ ಕಷ್ಟದ ಮಾತಿಗೆ ಬರುತ್ತೇನೆ. 2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಮಂಡ್ಯದ ಕಡೆಗೆ ಹೊರಟಿದ್ದ ಖಾಸಗಿ ಬಸ್ಸೊಂದು ವಿ. ಸಿ. ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶನಿವಾರವಾದುದರಿಂದ ಅರ್ಧ ದಿನದ ಶಾಲೆ. ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ನಾಲೆಯ ಏರಿಯ ಮೇಲೆ ಒದ್ದೆ ಪುಸ್ತಕದ ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಅದೇ ದಿನ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಮಂಡ್ಯ ಜಿಲ್ಲೆಗೆ ಅಂಬರೀಶ್ ಏನಾಗಿದ್ದರೆಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಭಾನುವಾರ ವಿಮಾನದಲ್ಲಿ ದೇಹವನ್ನು ಮಂಡ್ಯಕ್ಕೆ ತಂದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇರಿಸಿದರು. ರಾತ್ರಿಯೆಲ್ಲ ಜನ ಸಾಗಿಬಂದರು. ಸೋಮವಾರ ಬೆಂಗಳೂರಿನಲ್ಲಿ ಸಂಸ್ಕಾರ. ಅವರು ಪಿಟೀಲು ಚೌಡಯ್ಯನವರ ಮೊಮ್ಮಗ. ಐರೋಪ್ಯರ ದೇವಾಲಯಗಳಲ್ಲೂ ಅರಮನೆಗಳಲ್ಲೂ ಬೆಳೆದು ಬಂದ ವಾದ್ಯಕ್ಕೆ ಏಳು ತಂತಿ ಕಟ್ಟಿ ತ್ಯಾಗರಾಜರನ್ನು ನುಡಿಸಿದ ಆ ಪುಣ್ಯಾತ್ಮನ ಮನೆತನದ ಕುಡಿಗೆ ಜಿಲ್ಲೆ ಅತ್ತದ್ದು ಸಹಜ, ಯುಕ್ತ. ಅವರಿಗೆ ಸಂದುದರಲ್ಲಿ ಎಳ್ಳಷ್ಟೂ ಕಡಮೆಯಾಗಬೇಕಿತ್ತೆಂದು ನಾನು ಹೇಳುವುದಿಲ್ಲ.

ಆದರೆ ಆ ಭಾನುವಾರ ಹಳ್ಳಿಗಳಲ್ಲಿ ಮಕ್ಕಳನ್ನು ಮಣ್ಣುಮಾಡಿ ಬಂದ ತಾಯ್ತಂದೆಗಳ ಮನೆಯ ಟೆಲಿವಿಷನ್ನಿನಲ್ಲಿ, ನೆರೆಮನೆಯ ಟೆಲಿವಿಷನ್ನಿನಲ್ಲಿ, ಆಗಲೇ ಬೇರೊಂದು ಶೋಕ ತುಂಬಿಕೊಂಡಿತ್ತು. ಆ ದಿನ ನಮ್ಮ ಪಂಚಾಂಗದ ಪ್ರಕಾರ ಕ್ರಿಸ್ತರಾಜನ ಮಹೋತ್ಸವ. ನವೆಂಬರ್ ತಿಂಗಳೆಲ್ಲ ಸತ್ತವರಿಗಾಗಿ ಪ್ರಾರ್ಥಿಸುವ ತಿಂಗಳು. ವಿಶ್ವಾಸಿಗಳ ಪ್ರಾರ್ಥನೆಯ ವೇಳೆಗೆ ಎದ್ದುನಿಂತ ಹುಡುಗಿಯೊಬ್ಬಳು ಮೊದಲು ನಾಲೆಯಲ್ಲಿ ತೀರಿಹೋದವರಿಗಾಗಿ, ಆಮೇಲೆ ಅಂಬರೀಶ್ ಅವರಿಗಾಗಿ ಪ್ರಾರ್ಥಿಸಿದಳು. ಹಾಗೆ ಮೊದಲು ಆಮೇಲೆ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ; ಸತ್ತ ಕ್ರಮದಲ್ಲಿಯೇ ನೆನೆದಳು. ಆ ಕ್ರಮವೇ ಸರಿಯಾದ ಕ್ರಮವೆಂದು ನಾನು ನಂಬುತ್ತೇನೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಅದನ್ನು ಎತ್ತುವವರೂ ನಮ್ಮ ಸೀಮೆಯ ಹಿರಿಯರೇ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ ‘ದೇವರು’ ಎಂಬ ಗ್ರಂಥ ಬರೆದು, ದೇವರಿದ್ದಾನೆಂಬ ನಂಬಿಕೆಗೆ ಆಧಾರವಿಲ್ಲವೆಂದು ನಿರ್ಮತ್ಸರವಾಗಿ, ಸೌಜನ್ಯದಿಂದ ವಾದಿಸಿದರು. ಬೆಳಕನ್ನು ಕರೆಯುವ ಹಾಡನ್ನು, ಕರೆದರೆ ಕೇಳುವವರು ಯಾರೂ ಇಲ್ಲವೆಂದು ತಿಳಿದವನು ಹೇಗೆ ಹಾಡುವನು ಎಂದು ಕೇಳಬಹುದು. ಮೂರ್ತಿರಾಯರ ಪ್ರಾಮಾಣಿಕತೆಯ ಮುಂದೆ ನಾನು ಜಾಣತನದ ಉತ್ತರ ಹೂಡುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಸತ್ತವರ ಮನೆಯಲ್ಲಿ ನಾನು ಹಾರ್ಮೋನಿಯಂ ಮುಂದೆ ಕುಳಿತಾಗಲೆಲ್ಲ, ನಂಬಿದವರ ದನಿಯನ್ನೂ ನಂಬದವರ ದನಿಯನ್ನೂ ಬೇರೆ ಬೇರೆಯಾಗಿ ಗುರುತಿಸಲು ನನ್ನ ಕಿವಿಗೆ ಆಗಿಲ್ಲ, ಶ್ರುತಿ ತಪ್ಪಿದವರನ್ನು ಮಾತ್ರ ಗುರುತಿಸಿದ್ದೇನೆ, ಅವರಲ್ಲಿ ಎರಡೂ ಪಕ್ಷದವರಿದ್ದರು. ದೇವರನ್ನು ಕುರಿತು ಒಪ್ಪದವರು ಸತ್ತವನನ್ನು ಕುರಿತು ಒಪ್ಪಬಲ್ಲರು. 2003ರ ಒಂದೇ ವರ್ಷದಲ್ಲಿ, ಕೆಲವು ತಿಂಗಳ ಅಂತರದಲ್ಲಿ, ಅಕ್ಕಿಹೆಬ್ಬಾಳಿನ ಮೂರ್ತಿರಾಯರೂ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರೂ ಅಗಲಿದರು, ಒಂದೇ ತಾಲ್ಲೂಕು ಎರಡು ಸಲ ಬರಿದಾಯಿತು. ನರಸಿಂಹಸ್ವಾಮಿಯವರನ್ನು ಕಳೆದುಕೊಂಡ ನಾಡು ‘ಮೈಸೂರು ಮಲ್ಲಿಗೆ’ಯ ದಾಂಪತ್ಯದ ಹಾಡುಗಳನ್ನೇ ಹಾಡಿ ಅತ್ತಿತು. ಯಾವ ಸಭೆಯೂ ಶೋಕಗೀತೆಯೆಂದು ಗೊತ್ತುಮಾಡದ ಹಾಡುಗಳವು. ಪ್ರೀತಿಸಿದವರ ಬಾಯಿಗೆ ಬಂದುದರಿಂದಲೇ ಅವು ಶೋಕಗೀತೆಗಳಾದವು.

ನನ್ನದೊಂದು ಬಿನ್ನಹವಿದೆ. ವಿ. ಸಿ. ನಾಲೆಯ ನೀರಿನಿಂದಲೇ ಈ ಜಿಲ್ಲೆಯ ಕಬ್ಬು ಭತ್ತ ಬೆಳೆಯುತ್ತವೆ. ಅದೇ ನೀರು ಆಗಾಗ ಕಾರನ್ನೂ ಬಸ್ಸನ್ನೂ ನುಂಗುತ್ತದೆ. ತಡೆಗೋಡೆಯ ವಿಚಾರ ಸರ್ಕಾರಕ್ಕೆ ಸೇರಿದ್ದು, ಅದನ್ನು ಒತ್ತಾಯಿಸಬೇಕಾದವರು ನಾವು, ಒತ್ತಾಯಿಸೋಣ. ಆದರೆ ವರ್ಷಕ್ಕೊಮ್ಮೆ, ನವೆಂಬರ್ 24ರಂದು, ಅಂಬರೀಶ್ ಅವರ ಪುಣ್ಯತಿಥಿಗೆ ಅನ್ನದಾನ ರಕ್ತದಾನಗಳನ್ನು ಏರ್ಪಡಿಸುವ ಅಭಿಮಾನಿ ಸಂಘಗಳಿಗೆ ನಾನು ಕೈಮುಗಿದು ಕೇಳುವುದಿಷ್ಟು: ಅದೇ ವೇದಿಕೆಯಿಂದ, ಅವರ ಭಾವಚಿತ್ರಕ್ಕೆ ಹಾರ ಹಾಕುವ ಮೊದಲು, ಕನಗನಮರಡಿಯ 30 ಮಂದಿಯ ಹೆಸರುಗಳನ್ನು ಒಂದೊಂದಾಗಿ ಓದಿರಿ. ವಿಶೇಷಣಗಳು ಬೇಡ, ಭಾಷಣ ಬೇಡ. ಊರು, ಹೆಸರು, ವಯಸ್ಸು. ಓದಿ ಮುಗಿಸಲು ಐದು ನಿಮಿಷ ಹಿಡಿಯಲಾರದು. ಈಗ, ಅಧ್ಯಕ್ಷರ ಅನುಮತಿಯ ಮೇರೆಗೆ, ಕಾಲೇಜಿನ ವಿದ್ಯಾರ್ಥಿನಿಯರು ಶ್ರೀಯವರ ಹಾಡನ್ನು ಹಾಡಲಿದ್ದಾರೆ. ಅದಕ್ಕೆ ಮುನ್ನ ಆ ಪಟ್ಟಿಯನ್ನು ಓದಲು ಪಾಂಡವಪುರದ ಶಿಕ್ಷಕರೊಬ್ಬರು ಒಪ್ಪಿ ಬಂದಿದ್ದಾರೆ. ಸಭೆ ದಯವಿಟ್ಟು ಎದ್ದುನಿಲ್ಲಬೇಕೆಂದು ಬೇಡಿಕೊಳ್ಳುತ್ತೇನೆ.